ಗ್ರಾಮೋಫೋನ್ ಕಪಾಟಿನ ತೊಂದರೆಗಳು: ಲಕ್ಷಣ ನೋಡಿ ದೋಷ ಹುಡುಕುವ ಬಗೆ

ನಮ್ಮ ಕಡೆಯ ಹಳೆಯ ವಾಡೆಗಳಲ್ಲಿ, ದೊಡ್ಡ ಮನೆಗಳ ಪಡಸಾಲೆಯಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಈ ಕಪಾಟು ನಿಂತಿರುತ್ತದೆ. ಸಾಗವಾನಿ ಮೈ, ಹಿತ್ತಾಳೆ ಹಿಡಿಕೆ, ಬಾಗಿಲು ತೆಗೆದರೆ ತೆಳು ಹಲಗೆ ನಿಲ್ಲಿಸಿ ಮಾಡಿದ ಖಾನೆಗಳು, ಅವುಗಳಲ್ಲಿ ಕರಿ ಪ್ಲೇಟುಗಳು. ಕೆಲವಕ್ಕೆ ಮೇಲಿನ ಮುಚ್ಚಳ ಎತ್ತಿದರೆ ಚಾವಿ ಕೊಡುವ ಗ್ರಾಮೋಫೋನೇ ಕೂತಿರುತ್ತದೆ, ಕಹಳೆ ಹೊರಗೆ ಕಾಣುವುದಿಲ್ಲ. ಕಹಳೆಯನ್ನು ಹೀಗೆ ಪೆಟ್ಟಿಗೆಯೊಳಗೆ ಮಡಚಿಟ್ಟು ಅಮೆರಿಕದ ವಿಕ್ಟರ್ ಕಂಪನಿ 1906ರಲ್ಲಿ ವಿಕ್ಟ್ರೋಲಾ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. ಯಂತ್ರವನ್ನು ಕಪಾಟಿನಂತೆ ಕಾಣಿಸುವ ಆ ರೂಢಿ ಮುಂದೆ ನಾಯಿ ಚಿತ್ರದ ಎಚ್‌ಎಂವಿ ಪೆಟ್ಟಿಗೆಗಳಿಗೂ, ಸ್ವಾತಂತ್ರ್ಯದ ನಂತರದ ರೇಡಿಯೋಗ್ರಾಂಗಳಿಗೂ (ರೇಡಿಯೋ, ಪ್ಲೇಟು ಹಾಡಿಸುವ ಯಂತ್ರ ಎರಡೂ ಇರುವ ಕರೆಂಟಿನ ಪೆಟ್ಟಿಗೆ) ಬಂತು.

ಇವು ಕೆಡುವುದು ಹೆಚ್ಚಾಗಿ ಭಾರದಿಂದ, ನೀರಿನಿಂದ, ಹುಳದಿಂದ, ಮತ್ತು ಅವಸರದ ದುರಸ್ತಿಯಿಂದ. ಕೊನೆಯದೇ ಜಾಸ್ತಿ ಹಾನಿ ಮಾಡಿದ್ದನ್ನು ನಾನು ಕಂಡಿದ್ದೇನೆ. ಅದಕ್ಕೇ ಈ ಬರಹದಲ್ಲಿ ಕಣ್ಣು, ಮೂಗು, ಕಿವಿಗೆ ಮೊದಲ ಕೆಲಸ. ಉಳಿ, ರಂದಾ, ಸ್ಕ್ರೂಡ್ರೈವರ್ ಆಮೇಲೆ.

ಶುರು ಮಾಡುವ ಮುಂಚೆ ಒಂದು ಸಂಗತಿ ತಲೆಯಲ್ಲಿರಲಿ. ಕಪಾಟಿನ ಮೈಮೇಲಿನ ಹಳೇ ಪಾಲಿಶು ಅರಗು, ಒಳಗಿನ, ನಿಮಿಷಕ್ಕೆ 78 ಸುತ್ತು ತಿರುಗುವ 78ರ ಪ್ಲೇಟೂ ಅರಗು. ಪ್ಲೇಟಿನಲ್ಲಿ ಅರಗಿನ ಜೊತೆ ಕಲ್ಲಿನ ನುಣ್ಣನೆ ಪುಡಿ, ಕರಿ ಬಣ್ಣಕ್ಕೆ ಮಸಿ ಸೇರಿರುತ್ತದೆ, ಅಷ್ಟೇ ಭೇದ. ಅರಗಿನ ಮನೆಯ ಕಥೆ ಕೇಳಿದವರಿಗೆ, ಅರಗಿನ ಬಳೆ ತೊಟ್ಟವರಿಗೆ ಅದರ ಗುಣ ಗೊತ್ತು: ಬಿಸಿಗೆ ಮೆತ್ತಗಾಗುತ್ತದೆ, ಸ್ಪಿರಿಟ್ಟಿಗೆ ಕರಗುತ್ತದೆ. ಆದ್ದರಿಂದ ಸ್ಪಿರಿಟ್, ಸ್ಯಾನಿಟೈಸರ್, ಅತ್ತರು, ಬಿಸಿಲು, ಇವು ಯಾವುವೂ, ಮುಂದೆ ಹೇಳುವ ಒಂದು ಹನಿಯ ಪರೀಕ್ಷೆ ಬಿಟ್ಟರೆ, ಈ ಕಪಾಟಿನ ಹತ್ತಿರ ಬರಬಾರದು. ಚಿಕ್ಕವನಿದ್ದಾಗ ನಾನು ಮುತ್ಯಾನ ನಾಟಕದ ಪ್ಲೇಟೊಂದನ್ನು ಲಖಲಖ ಹೊಳೆಯಲಿ ಅಂತ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿದೆ. ಹತ್ತಿ ಕಪ್ಪಾಯಿತು, ಪ್ಲೇಟಿನ ಗೆರೆಗಳು ಮಂಕಾದವು, ಆ ಹಾಡು ಮತ್ತೆ ಕೇಳಲಿಲ್ಲ. ಮುತ್ಯಾ ಬೈಯಲಿಲ್ಲ. ಆ ಪ್ಲೇಟನ್ನು ಮಾತ್ರ ಬೇರೆ ಖಾನೆಗೆ ಇಟ್ಟ.

ಯಾವ ಪರೀಕ್ಷೆಗೂ ಮೊದಲು ಕಪಾಟು ಖಾಲಿ ಮಾಡಿ. ಹತ್ತಿಂಚಿನ ಒಂದು ಪ್ಲೇಟು ಸುಮಾರು 200 ಗ್ರಾಂ ತೂಗುತ್ತದೆ, ನೂರು ಪ್ಲೇಟೆಂದರೆ ಒಂದು ಸಣ್ಣ ಜೋಳದ ಚೀಲದಷ್ಟು ಭಾರ. ಒಂದು ಸಲಕ್ಕೆ ನಾಲ್ಕೈದು ಸಾಕು, ಎರಡೂ ಕೈಯಲ್ಲಿ ಅಂಚು ಹಿಡಿದು, ನಿಂತ ಹಾಗೇ ಎತ್ತಿ, ಗೋಡೆಗೆ ಒರಗಿಸದೆ ರಟ್ಟಿನ ಪೆಟ್ಟಿಗೆಯಲ್ಲಿ ನಿಲ್ಲಿಸಿ ಇಡಿ. ಯಾವ ಖಾನೆಯದು ಅಂತ ಚೀಟಿ ಬರೆದಿಡಿ. ಹಳೇ ಧೂಳಿಗೆ ಮೂಗು-ಬಾಯಿ ಮುಚ್ಚಿಕೊಳ್ಳಿ.

ಬಾಗಿಲು ಹಿಡಿಯುತ್ತದೆ, ಡ್ರಾವರ್ ಹೊರಬರುವುದಿಲ್ಲ

ಎಲ್ಲರೂ ಮೊದಲು ಬಾಗಿಲನ್ನು ಬೈಯುತ್ತಾರೆ. ನೀವು ಮೊದಲು ನೆಲ ನೋಡಿ.

ಶಹಾಬಾದಿ ಫರಸಿ ಹಾಸಿದ ನೆಲ ಕಣ್ಣಿಗೆ ಸಪಾಟು ಕಂಡರೂ ಸಪಾಟು ಇರುವುದಿಲ್ಲ. ನಾಲ್ಕು ಕಾಲಿನಲ್ಲಿ ಒಂದು ಎರಡು ಮಿಲಿಮೀಟರ್ ತಗ್ಗಿಗೆ ಬಿದ್ದರೂ ಇಡೀ ಚೌಕಟ್ಟು ತಿರುಚಿಕೊಂಡು ಮೇಲಿನ ಮೂಲೆಯಲ್ಲಿ ಬಾಗಿಲು ಒತ್ತುತ್ತದೆ. ಕಪಾಟಿನ ಎದುರಿನ ಎರಡು ಮೂಲೆಗಳನ್ನು ಅಂಗೈಯಿಂದ ಒಂದಾದ ಮೇಲೊಂದು ಒತ್ತಿ. ಅಲುಗಾಡಿದರೆ ದೋಷ ಕಾಲಿನ ಕೆಳಗಿದೆ. ಹಾಗೇ ಅನುಮಾನ ಉಳಿದರೆ ಒಂದು ಬಟ್ಟಲು ನೀರನ್ನು ಕಪಾಟಿನ ಮೇಲೆ ತಟ್ಟೆಯಲ್ಲಿಟ್ಟು, ಅಂಚಿಗೆ ನೀರು ಯಾವ ಕಡೆ ಹತ್ತಿರ ಇದೆ ನೋಡಿ. ತಗ್ಗು ಕಾಲಿನ ಕೆಳಗೆ ಮಡಚಿದ ರಟ್ಟು ಅಥವಾ ತೆಳು ಕಟಗಿ ತುಂಡು ಕೊಟ್ಟು ಬಾಗಿಲು ತೆಗೆದು ಹಾಕಿ. ಅರ್ಧ ತಕರಾರು ಇಲ್ಲಿಗೇ ಮುಗಿಯುತ್ತವೆ, ಖರ್ಚಿಲ್ಲದೆ.

ನೆಲ ಸರಿ ಇದ್ದರೆ ಬಿಜಾಗ್ರಿ ನೋಡಿ. ಬಾಗಿಲನ್ನು ಅರ್ಧ ತೆರೆದು, ಹಿಡಿಕೆ ಹಿಡಿದು ಮೆಲ್ಲಗೆ ಮೇಲಕ್ಕೆ ಎತ್ತಿ. ಟಕ್ ಎಂದು ಆಡಿದರೆ ಸ್ಕ್ರೂಗಳ ಹಿಡಿತ ತಪ್ಪಿದೆ. ಆಗ ದೊಡ್ಡ ಸ್ಕ್ರೂ ತಂದು ಹಾಕಬೇಡಿ, ಅದು ತೆಳು ಚೌಕಟ್ಟನ್ನು ಸೀಳುತ್ತದೆ. ಹಳೇ ಸ್ಕ್ರೂ ಬಿಚ್ಚಿ, ತೂತಿನಲ್ಲಿ ಕಡ್ಡಿಪೆಟ್ಟಿಗೆಯ ಕಡ್ಡಿ ಒಂದೆರಡನ್ನು ಮದ್ದು ಕಿತ್ತು ಅಂಟು ಸವರಿ ತುಂಬಿ, ಒಣಗಿದ ಮೇಲೆ ಅದೇ ಸ್ಕ್ರೂ ಹಾಕಿ. ಹಿತ್ತಾಳೆ ಸ್ಕ್ರೂ ಇದ್ದಲ್ಲಿ ಹಿತ್ತಾಳೆಯದೇ ಇರಲಿ.

ಮೂರನೆಯದು ಹವೆ. ಇದು ಜಿಲ್ಲೆಯಿಂದ ಜಿಲ್ಲೆಗೆ ಬೇರೆ. ಬೆಳಗಾವಿಯಲ್ಲಿ, ಖಾನಾಪುರದ ಕಡೆಯಂತೂ ಹೆಚ್ಚು, ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯೇ ತೊಯ್ದಿರುತ್ತದೆ. ಕಟಗಿ ಗಾಳಿಯ ತೇವ ಹೀರಿ ಅಡ್ಡಲಾಗಿ ಉಬ್ಬುತ್ತದೆ, ಉದ್ದಕ್ಕೆ ಬೆಳೆಯುವುದಿಲ್ಲ. ಅದಕ್ಕೇ ಬಾಗಿಲು ಹಿಡಿಯುವುದು ಅಗಲದಲ್ಲಿ. ವಿಜಯಪುರದಲ್ಲಿ ಬೇಸಿಗೆಗೆ ಉಷ್ಣಾಂಶ 40 ಡಿಗ್ರಿ ದಾಟಿದಾಗ ಅದೇ ಬಾಗಿಲಿನ ಸುತ್ತ ಬೆಳಕು ಕಾಣುವಷ್ಟು ಸಂದು ಬಿಡುತ್ತದೆ. ಒಂದು ಆಷಾಢದಲ್ಲಿ ನಮ್ಮ ಬೆಳಗಾವಿ ಮನೆಯ ಕಪಾಟಿನ ಬಾಗಿಲು ಹಿಡಿದಾಗ ನಾನು ರಂದಾ ಹೊಡೆಸಲು ಹೊರಟಿದ್ದೆ. ಬಂದ ಹಿರಿಯ ಬಡಿಗೇರರು ಬಾಗಿಲಿನ ಅಂಚಿಗೆ ಬೆರಳು ಆಡಿಸಿ, “ತಮ್ಮಾ, ಈಗ ಇದು ನೀರು ಕುಡದೈತಿ. ಈಗ ಕೆತ್ತಿದ್ರ ಚೈತ್ರದಾಗ ಸಂದಿನ್ಯಾಗ ಬೆರಳು ಹೋಗತೈತಿ. ದೀಪಾವಳಿ ಮಟಾ ತಡಿ” ಅಂದು ಚಹಾ ಕುಡಿದು ಹೋದರು. ದೀಪಾವಳಿಗೆ ಬಾಗಿಲು ತಾನೇ ಬಿಟ್ಟಿತ್ತು. ಹಿಡಿಯುವ ಜಾಗಕ್ಕೆ ಪೆನ್ಸಿಲಿನಿಂದ ಗೆರೆ ಎಳೆದು ತಿಂಗಳು ಬರೆದಿಡಿ. ಬೇಸಿಗೆಯಲ್ಲೂ ಅದೇ ಗೆರೆಯಲ್ಲಿ ಹಿಡಿದರೆ ಮಾತ್ರ ಬಡಿಗೇರರನ್ನು ಕರೆಯಿರಿ.

ಡ್ರಾವರಿಗೆ ಕೆಳಗಿನ ಪಟ್ಟಿ ಮೇಲೆ ಮೇಣದಬತ್ತಿ ತಿಕ್ಕಿದರೆ ಸಾಕು. ಎಣ್ಣೆ ಹಚ್ಚಬೇಡಿ, ಧೂಳು ಕೂಡಿ ಗೋಂದಾಗುತ್ತದೆ. ಕೀಲಿ ತಿರುಗದಿದ್ದರೆ ಪೆನ್ಸಿಲಿನ ಸೀಸವನ್ನು ಪುಡಿ ಮಾಡಿ ಕೀಲಿಕೈಗೆ ಸವರಿ ನಾಲ್ಕೈದು ಸಲ ಹಾಕಿ ತೆಗೆಯಿರಿ. ಹಳೇ ಕೀಲಿಕೈ ಒಳಗೇ ಮುರಿದರೆ ಬಾಗಿಲು ಒಡೆಯದೆ ತೆಗೆಯುವುದು ಕಷ್ಟ. ಜೋರು ಬೇಡ.

ನಡುವಿನ ಹಲಗೆ ಜೋತಿದೆ, ಪ್ಲೇಟುಗಳು ವಾಲಿವೆ

ಹಲಗೆಯ ಎರಡು ತುದಿಗೆ ದಾರ ಬಿಗಿದು ಹಿಡಿಯಿರಿ. ನಡುವೆ ದಾರಕ್ಕೂ ಹಲಗೆಗೂ ಒಂದು ರೂಪಾಯಿ ನಾಣ್ಯ ದಪ್ಪದಷ್ಟು ಅಂತರ ಇದ್ದರೆ ಚಿಂತೆಯಿಲ್ಲ, ಹಲಗೆಯನ್ನು ಬುಡಮೇಲು ಹಾಕಿದರೆ ವರ್ಷಗಳ ಮೇಲೆ ತಾನೇ ಸರಿಯಾಗುತ್ತದೆ. ಬೆರಳು ತೂರುವಷ್ಟು ಇದ್ದರೆ ಭಾರ ಇಳಿಸಿ, ನಡುವೆ ಕೆಳಗಿನಿಂದ ಒಂದು ಆಧಾರ ಕಟಗಿ ಕೊಡಿ. ಮೊಳೆ ಹೊಡೆಯದೆ ಬಿಗಿಯಾಗಿ ಕೂರಿಸಿದರೆ ಸಾಕು, ಮುಂದೆ ತೆಗೆಯಲು ಬರುತ್ತದೆ.

ಹಲಗೆ ಜೋತರೆ ಅದರ ಮೇಲೆ ನಿಂತ ಖಾನೆಯ ಗೋಡೆಗಳು ವಾಲುತ್ತವೆ, ಗೋಡೆ ವಾಲಿದರೆ ಪ್ಲೇಟು ಓರೆಯಾಗುತ್ತದೆ, ಓರೆಯಾಗಿ ನಿಂತ ಅರಗಿನ ಪ್ಲೇಟು ಒಂದೆರಡು ಬೇಸಿಗೆಯಲ್ಲಿ ಹಪ್ಪಳದಂತೆ ಬಾಗುತ್ತದೆ. ಬಾಗಿದ ಪ್ಲೇಟು ಕಂಡವರು ಪ್ಲೇಟಿನಲ್ಲಿ ದೋಷ ಅನ್ನುತ್ತಾರೆ, ದೋಷ ಕೆಳಗಿನ ಹಲಗೆಯಲ್ಲಿರುತ್ತದೆ. ಖಾನೆಯಲ್ಲಿ ಪ್ಲೇಟು ಸರಿಯಾಗಿ ನಿಂತಿದೆಯೇ ಎಂದು ತಿಳಿಯಲು, ಎರಡು ಬೆರಳಲ್ಲಿ ಒಂದನ್ನು ಎಳೆದು ನೋಡಿ. ಸುಲಭವಾಗಿ ಬರಬೇಕು, ಬಂದ ಮೇಲೆ ಪಕ್ಕದವು ಬೀಳಬಾರದು. ಬಿದ್ದರೆ ಖಾಲಿ ಜಾಗಕ್ಕೆ ಅದೇ ಅಳತೆಯ ದಪ್ಪ ರಟ್ಟು ನಿಲ್ಲಿಸಿ. ಹತ್ತಿಂಚಿನವನ್ನೂ ಹನ್ನೆರಡು ಇಂಚಿನವನ್ನೂ ಒಂದೇ ಖಾನೆಯಲ್ಲಿ ಬೆರೆಸಬೇಡಿ, ದೊಡ್ಡದರ ಮೇಲಿನ ಅಂಚಿಗೆ ಆಸರೆ ಸಿಗದೆ ಅಲ್ಲೇ ಒಡೆಯುತ್ತದೆ. ಬಾಗಿದ ಪ್ಲೇಟನ್ನು ಬಿಸಿ ಮಾಡಿ ಚಪ್ಪಟೆ ಮಾಡುವ ಉಪಾಯ ಹಲವರು ಹೇಳುತ್ತಾರೆ. ಒಂದೇ ಪ್ರತಿ ಇರುವ ಪ್ಲೇಟಿನ ಮೇಲೆ ಅದನ್ನು ಮಾಡಬಾರದು ಎಂಬುದು ನನ್ನ ಅಭಿಪ್ರಾಯ. ಸ್ವಲ್ಪ ಬಾಗಿದ್ದು ಹಾಡುತ್ತದೆ, ಸುಟ್ಟದ್ದು ಹಾಡುವುದಿಲ್ಲ.

ಮೈಮೇಲೆ ಬಿಳಿ ಮಬ್ಬು, ಬಿಳಿ ಉಂಗುರ

ಲೋಟ ಇಟ್ಟಲ್ಲಿ ಬಿಳಿ ಉಂಗುರ, ಮಳೆಗಾಲದಲ್ಲಿ ಗೋಡೆಯ ಕಡೆಯ ಮೈಗೆ ಬಿಳಿ ಹೊಗೆಯಂಥ ಮಬ್ಬು. ಅರಗಿನ ಪಾಲಿಶಿನೊಳಗೆ ತೇವ ಸೇರಿದ ಗುರುತು ಇದು. ಕಟಗಿಗೆ ಏನೂ ಆಗಿಲ್ಲ. ಗೋಡೆಯಿಂದ ಒಂದು ಗೇಣು ಮುಂದೆ ಎಳೆದು, ಹತ್ತು ಹದಿನೈದು ದಿನ ಬಿಡಿ. ಬಹಳ ಸಲ ಮಬ್ಬು ತಾನೇ ಹೋಗುತ್ತದೆ. ಉಂಗುರ ಕಪ್ಪಾಗಿದ್ದರೆ ಮಾತ್ರ ನೀರು ಪಾಲಿಶು ದಾಟಿ ಕಟಗಿಗೆ ಇಳಿದಿದೆ, ಅದು ಪಾಲಿಶ್ ಮಾಡುವವರ ಕೆಲಸ.

ನಿಜವಾಗಿ ಅರಗಿನ ಪಾಲಿಶೇ ಹೌದಾ ಎಂದು ತಿಳಿಯಲು ಹಿಂದಿನ ಕಾಣದ ಮೂಲೆಯಲ್ಲಿ ಕಡ್ಡಿ ತುದಿಯಿಂದ ಒಂದೇ ಹನಿ ಸ್ಪಿರಿಟ್ ಮುಟ್ಟಿಸಿ. ಅಂಟಂಟಾದರೆ ಅರಗು. ಏನೂ ಆಗದಿದ್ದರೆ ಮೇಲೆ ಯಾರೋ ಇತ್ತೀಚೆಗೆ ವಾರ್ನಿಶ್ ಬಳಿದಿದ್ದಾರೆ. ಈ ಪರೀಕ್ಷೆಗೆ ಪ್ಲೇಟುಗಳು ಬೇರೆ ಕೋಣೆಯಲ್ಲಿರಲಿ, ದೇವರ ದೀಪ ಒಲೆ ಹತ್ತಿರ ಬೇಡ.

ಕೆಳಗೆ ಪುಡಿ ಬೀಳುತ್ತದೆ

ದಿನಾ ಕಸ ಹೊಡೆಯುವವರಿಗೆ ಇದು ಮೊದಲು ಕಾಣುತ್ತದೆ. ಪುಡಿಯನ್ನು ಬಿಸಾಕುವ ಮೊದಲು ಬೆರಳ ತುದಿಯಲ್ಲಿ ತಿಕ್ಕಿ ನೋಡಿ, ಅದರಲ್ಲೇ ಉತ್ತರ ಇದೆ.

ಗೋಧಿ ಹಿಟ್ಟಿನಂತೆ ನುಣ್ಣಗಿದ್ದು, ಕಟಗಿ ಮೇಲೆ ಗುಂಡುಸೂಜಿ ತಲೆಯಷ್ಟು ದುಂಡನೆ ತೂತು ಕಂಡರೆ ಅದು ಕಟಗಿ ಕೊರೆಯುವ ಹುಳ. ಇವು ಸಾಗವಾನಿಯ ಕೆಂಪು ತಿರುಳಿಗೆ ಬಾಯಿ ಹಾಕುವುದು ಕಡಿಮೆ, ಹೊರಗಿನ ಬಿಳಿ ಕಟಗಿಗೆ ಮುತ್ತುತ್ತವೆ. ಹಾಗಾಗಿ ಹಿಂಬದಿ ಹಲಗೆ, ಡ್ರಾವರಿನ ತಳ, ಒಳಗಿನ ಅಗ್ಗದ ಕಟಗಿ ಇವುಗಳಲ್ಲಿ ಹುಡುಕಿ. ಗಸಗಸೆಯಂತೆ ಕಾಳುಕಾಳಾಗಿದ್ದರೆ ಒಣ ಕಟಗಿಯಲ್ಲೇ ಮನೆ ಮಾಡುವ ಜಾತಿಯ ಒರಲೆ. ಪುಡಿಯೇ ಇಲ್ಲ, ಕಾಲಿನ ಹಿಂದೆ ಮಣ್ಣಿನ ಸಣ್ಣ ಗೆರೆ ಹತ್ತಿದೆ ಎಂದರೆ ನೆಲದ ಒರಲೆ. ಅದು ಕಪಾಟಿಗಷ್ಟೇ ಬಂದದ್ದಲ್ಲ, ಗೋಡೆಯಲ್ಲಿದೆ, ಮನೆಯಲ್ಲಿದೆ. ಅಂದೇ ಕಪಾಟನ್ನು ಗೋಡೆಯಿಂದ ಬಿಡಿಸಿ, ಔಷಧಿ ಹೊಡೆಯುವವರನ್ನು ಕರೆಯಿರಿ.

ಹುಳ ಇನ್ನೂ ಬದುಕಿದೆಯೋ ಹಳೇ ತೂತೋ ಎಂದು ತಿಳಿಯುವ ದಾರಿ ಸುಲಭ. ಪುಡಿ ಪೂರ್ತಿ ಒರೆಸಿ, ಕೆಳಗೆ ಕರಿ ಕಾಗದ ಹಾಸಿ, ತೂತುಗಳ ಮೇಲೆ ಮೇಣ ಸವರಿ ಒಂದು ತಿಂಗಳು ಬಿಡಿ. ಹೊಸ ಪುಡಿ ಬೀಳದೆ, ಹೊಸ ತೂತು ಆಗದೆ ಇದ್ದರೆ ಹುಳ ಎಂದೋ ಹೋಗಿದೆ, ಔಷಧಿ ಬೇಕಿಲ್ಲ. ಹಳೇ ತೂತು ಕಂಡು ಗಾಬರಿಯಾಗಿ ಇಡೀ ಕಪಾಟಿಗೆ ಡೀಸೆಲ್ ಬಳಿದವರನ್ನು ಕಂಡಿದ್ದೇನೆ. ಅದರ ವಾಸನೆ ಪ್ಲೇಟಿನ ಕಾಗದದ ಚೀಲಕ್ಕೆ ಹತ್ತಿ ವರ್ಷಗಟ್ಟಲೆ ಹೋಗಲಿಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಮ್ಮ ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಜಿಲ್ಲೆಗಳಲ್ಲಿ ಜೋಳ, ಕಡಲೆ ಚೀಲಕ್ಕೆ ನುಸಿ ಹತ್ತದಂತೆ ಇಡುವ ಗುಳಿಗೆ ರೈತರ ಮನೆಯಲ್ಲಿ ಇರುತ್ತದೆ. ಅಲ್ಯೂಮಿನಿಯಂ ಫಾಸ್ಫೈಡ್ ಅದು. ಗಾಳಿಯ ತೇವ ತಗುಲಿದರೆ ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. ಅದಕ್ಕೆ ಮರುಮದ್ದಿಲ್ಲ. ಮಲಗುವ ಮನೆಯಲ್ಲಿ, ಪಡಸಾಲೆಯಲ್ಲಿ ಇರುವ ಕಪಾಟಿನೊಳಗೆ ಆ ಗುಳಿಗೆ ಇಟ್ಟರೆ ಹುಳದ ಜೊತೆ ಮನೆಯ ಜೀವಗಳೂ ಹೋಗಬಹುದು. ಯಾರಾದರೂ ಇಟ್ಟದ್ದು ಗೊತ್ತಾದರೆ ಕೈ ಹಾಕಿ ತೆಗೆಯಲು ಹೋಗಬೇಡಿ. ಎಲ್ಲರೂ ಹೊರಗೆ ಬಂದು, ಸಹಾಯಕ್ಕೆ ತಿಳಿದವರನ್ನು ಕರೆಸಿ. ಯಾರಿಗಾದರೂ ವಾಂತಿ, ಎದೆ ಬಿಗಿತ, ಉಸಿರಾಟದ ತೊಂದರೆ ಕಂಡರೆ ನೇರ ದವಾಖಾನೆಗೆ ಹೋಗಿ, ಗುಳಿಗೆಯ ಹೆಸರು ಹೇಳಿ.

ಬಾಗಿಲು ತೆಗೆದರೆ ಮುಗ್ಗಲು ವಾಸನೆ, ಪ್ಲೇಟಿನ ಮೇಲೆ ಬೂದಿ ಬಣ್ಣದ ಚುಕ್ಕೆ

ಬೂಷ್ಟು. ಅರಗು, ಕಾಗದದ ಚೀಲ, ಆಲ್ಬಮ್ಮಿನ ಬಟ್ಟೆ, ಎಲ್ಲವೂ ಅದಕ್ಕೆ ಊಟ. ಮೊದಲು ಕಪಾಟಿನ ಹಿಂಬದಿ ಗೋಡೆ ಮುಟ್ಟಿ ನೋಡಿ. ತಣ್ಣಗೆ ಒದ್ದೆಯಾಗಿದ್ದರೆ, ಸುಣ್ಣ ಉದುರುತ್ತಿದ್ದರೆ, ಕಪಾಟು ಒರೆಸಿ ಉಪಯೋಗವಿಲ್ಲ, ಮುಂದಿನ ಶ್ರಾವಣಕ್ಕೆ ಮತ್ತೆ ಬರುತ್ತದೆ. ಜಾಗ ಬದಲಿಸಿ. ಬಚ್ಚಲ ಗೋಡೆಯ ಹಿಂದೆ, ಹೊರಗೋಡೆಗೆ ತಾಗಿಸಿ ಈ ಕಪಾಟು ಇಡಬಾರದು.

ಜಾಗ ಬದಲಾದ ಮೇಲೆ ಬಾಗಿಲು ತೆಗೆದಿಟ್ಟು ನೆರಳಿನಲ್ಲಿ ಗಾಳಿಯಾಡಿಸಿ, ಒಣ ಮೆತ್ತನೆ ಬಟ್ಟೆಯಿಂದ ಒಳಮೈ ಒರೆಸಿ. ನಮ್ಮಲ್ಲಿ ಏನಿದ್ದರೂ ಬಿಸಿಲಿಗೆ ಹಾಕುವ ರೂಢಿ, ಹಾಸಿಗೆಗೆ ಅದು ಸರಿ. ಕಪಾಟು ಬಿಸಿಲಿಗೆ ಬಂದರೆ ಮೇಲ್ಪದರ ಸೀಳುತ್ತದೆ, ಪ್ಲೇಟು ಬಂದರೆ ಬಾಗುತ್ತದೆ. ಪ್ಲೇಟಿನ ಬೂಷ್ಟಿಗೆ ಡಿಸ್ಟಿಲ್ಡ್ ನೀರಿನಲ್ಲಿ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಮೆತ್ತನೆ ಬಟ್ಟೆ ಹಿಂಡಿ, ಗೆರೆಗಳ ಗುಂಟ ಸುತ್ತಲೂ ಒರೆಸಿ. ನಡುವಿನ ಲೇಬಲ್ಲಿಗೆ ನೀರು ತಾಗಬಾರದು. ತಕ್ಷಣ ಒಣ ಬಟ್ಟೆ. ಲೇಬಲ್ಲೇ ಈ ಪ್ಲೇಟಿನ ಜಾತಕ: ಯಾರು ಹಾಡಿದ್ದು, ಎಲ್ಲಿ ಅಚ್ಚಾದದ್ದು ಅದರಲ್ಲೇ. ಭಾರತದ ದನಿಗಳನ್ನು ಗ್ರಾಮೋಫೋನ್ ಕಂಪನಿ 1902ರಲ್ಲಿ ಕಲಕತ್ತೆಯಲ್ಲಿ ಹಿಡಿದುಕೊಂಡರೂ ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. 1908ರಲ್ಲಿ ಕಲಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಆದ ಮೇಲೆ ಇಲ್ಲೇ ಅಚ್ಚು ಶುರುವಾಯಿತು. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿಯವರ ದನಿ ಇರುವ ಒಂದು ಪ್ಲೇಟು ನಿಮ್ಮ ಖಾನೆಯಲ್ಲಿ ಇದ್ದು, ಲೇಬಲ್ ಅಳಿಸಿಹೋದರೆ, ಮೊಮ್ಮಕ್ಕಳಿಗೆ ಅದು ಬರೀ ಕರಿ ತಟ್ಟೆ.

ಹುಳಕ್ಕೆ ಗುಳಿಗೆಯ ಬದಲು ಒಣ ಬೇವಿನ ಎಲೆ ಇಡುವವರು ಅದನ್ನು ಬಟ್ಟೆ ಚೀಲದಲ್ಲಿ ಕಟ್ಟಿ ತಳದಲ್ಲಿ ಇಡಲಿ, ಪ್ಲೇಟಿಗೆ ತಾಗದಂತೆ. ಡಾಂಬರು ಗುಳಿಗೆ ಬೇಡ.

ಮೇಲ್ಪದರ ಎದ್ದಿದೆ, ಜೋಡು ಸಡಿಲಾಗಿದೆ

ಕಂಪನಿ ಪೆಟ್ಟಿಗೆಗಳಲ್ಲಿ ಬಹಳಷ್ಟಕ್ಕೆ ಒಳಗೆ ಅಗ್ಗದ ಕಟಗಿ, ಹೊರಗೆ ಕಾಗದದಷ್ಟು ತೆಳುವಾದ ಒಳ್ಳೇ ಕಟಗಿಯ ಪದರ. ಅಂಟು ತೊಗಲು-ಎಲುಬು ಕುದಿಸಿ ಮಾಡಿದ್ದು, ಅದು ತೇವಕ್ಕೆ ಬಿಡುತ್ತದೆ. ಉಗುರಿನಿಂದ ಮೈ ತುಂಬ ಟಕಟಕ ಬಡಿಯುತ್ತ ಬನ್ನಿ. ಹಿಡಿದಲ್ಲಿ ಗಟ್ಟಿ ಸದ್ದು, ಬಿಟ್ಟಲ್ಲಿ ಹಣ್ಣಾದ ಕಲ್ಲಂಗಡಿ ಬಡಿದಂತೆ ಪೊಳ್ಳು ಸದ್ದು. ಪೊಳ್ಳು ಜಾಗಕ್ಕೆ ಕಾಗದದ ಟೇಪು ಹಚ್ಚಿ ಗುರುತು ಮಾಡಿ. ಟೇಪು ಆಮೇಲೆ ಕೀಳುವಾಗ ಮೆಲ್ಲಗೆ, ಪದರದ ಜೊತೆ ಎದ್ದು ಬರದಂತೆ.

ಅಂಗೈಯಷ್ಟು ಜಾಗ ಇದ್ದರೆ ಬಡಿಗೇರರು ಬಿಸಿ ಅಂಟು ತೂರಿಸಿ ಒತ್ತಿ ಕೂರಿಸುತ್ತಾರೆ. ಅವರಿಗೆ ಹಳೇ ಬಗೆಯ ಅಂಟೇ ಹಾಕಿರೆಂದು ಹೇಳಿ. ಇವತ್ತಿನ ಬಿಳಿ ಅಂಟು ಬಿಗಿ ಹಿಡಿಯುತ್ತದೆ ನಿಜ, ಮುಂದೊಮ್ಮೆ ಬಿಚ್ಚಬೇಕಾದರೆ ಕಟಗಿಯನ್ನೇ ಸೀಳಬೇಕಾಗುತ್ತದೆ. ಇಸ್ತ್ರಿ ಪೆಟ್ಟಿಗೆ ಇಟ್ಟು ಕೂರಿಸುವ ಉಪಾಯ ಮನೆಯಲ್ಲಿ ಮಾಡಬೇಡಿ, ಅಂಟು ಕರಗುವ ಮೊದಲೇ ಮೇಲಿನ ಅರಗು ಬೆಳ್ಳಗಾಗುತ್ತದೆ.

ಬೆಳಗಾವಿಯಿಂದ ವಿಜಯಪುರಕ್ಕೆ, ಹಳೇ ಬಾಗಲಕೋಟೆಯಿಂದ ನವನಗರಕ್ಕೆ ಟ್ರ್ಯಾಕ್ಟರಿನಲ್ಲಿ ಬಂದ ಕಪಾಟುಗಳಿಗೆ ಮೂಲೆಯ ಜೋಡು ಸಡಿಲಾಗಿರುವುದು ಸಾಮಾನ್ಯ. ಕರ್ಣದ ಅಳತೆ ಎರಡೂ ಕಡೆ ದಾರದಿಂದ ಹಿಡಿದು ನೋಡಿ. ಎರಡು ಅಳತೆ ಬೇರೆ ಬಂದರೆ ಚೌಕಟ್ಟು ಓರೆ. ಕಬ್ಬಿಣದ ಪಟ್ಟಿ ಮೊಳೆ ಹೊಡೆದು ಬಿಗಿಯುವವರಿಗೆ ಕೊಡಬೇಡಿ.

ನೆರೆ ನೀರು ನಿಂತು ಹೋದ ಕಪಾಟು

2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಮನೆಯೊಳಗೆ ಬಂದಾಗ ಇಂಥ ಕಪಾಟುಗಳು ಎಷ್ಟೋ ಮುಳುಗಿದವು. ಬಂದ ನೀರಿಗಿಂತ ಬಂದ ಮೇಲಿನ ಮೊದಲ ವಾರ ಅವುಗಳ ಹಣೆಬರಹ ಬರೆಯುತ್ತದೆ. ಕೆಸರನ್ನು ಒಣಗಲು ಬಿಡದೆ ಸ್ವಚ್ಛ ನೀರಿನ ಬಟ್ಟೆಯಿಂದ ಒರೆಸಿ. ಬಾಗಿಲು, ಡ್ರಾವರ್ ಹಿಡಿದಿದ್ದರೆ ಕೀಳಬೇಡಿ, ಒಣಗಿದಾಗ ತಾವೇ ಬಿಡುತ್ತವೆ. ಬಿಡಿಯಾಗಿ ಬಂದ ಪದರ, ತುಂಡು, ಕಾಲಿನ ಚೂರು ಒಂದನ್ನೂ ಎಸೆಯಬೇಡಿ, ಕಾಗದದಲ್ಲಿ ಸುತ್ತಿ ಹೆಸರು ಬರೆದಿಡಿ. ನೆರಳು, ಗಾಳಿ, ಕಾಲಿನ ಕೆಳಗೆ ಇಟ್ಟಂಗಿ, ಮತ್ತೆ ತಿಂಗಳುಗಟ್ಟಲೆ ತಾಳ್ಮೆ. ಫ್ಯಾನು ನೇರ ಅದರ ಮೇಲೆ ಬೇಡ, ಒಂದು ಕಡೆ ಬೇಗ ಒಣಗಿ ಹಲಗೆ ತಿರುಚಿಕೊಳ್ಳುತ್ತದೆ. ನೆರೆ ನೀರಿನಲ್ಲಿ ಮೋರಿಯ ನೀರೂ ಸೇರಿರುತ್ತದೆ, ಕೈಗೆ ರಬ್ಬರ್ ಗವುಸು ಹಾಕಿಕೊಳ್ಳಿ.

ಹಾಡು ಹಚ್ಚಿದರೆ ಪೆಟ್ಟಿಗೆ ಝರ್ ಅನ್ನುತ್ತದೆ, ದನಿ ಮಂದ

ಮುಳ್ಳಿನಿಂದ ಶುರು ಮಾಡಿ. ಉಕ್ಕಿನ ಮುಳ್ಳು ಒಂದು ಬದಿಗೆ ಒಂದು. ಮೂರು ನಿಮಿಷದ ಹಾಡು ಮುಗಿಯುವಷ್ಟರಲ್ಲಿ ಅದರ ತುದಿ ಸವೆದು ಉಳಿಯಂತಾಗಿರುತ್ತದೆ, ಎರಡನೇ ಸಲ ಹಚ್ಚಿದರೆ ಅದು ಹಾಡಿಸುವುದಿಲ್ಲ, ಕೆತ್ತುತ್ತದೆ. ಹೊಸ ಮುಳ್ಳು ಹಾಕಿದರೂ ಝರ್ ಹೋಗದಿದ್ದರೆ ಬೇರೊಂದು ಪ್ಲೇಟು ಹಾಕಿ. ಆಗ ಸದ್ದು ಶುದ್ಧವಾಗಿದ್ದರೆ ದೋಷ ಮೊದಲ ಪ್ಲೇಟಿನದು. ಇನ್ನೂ ಇದ್ದರೆ ಹಾಡುತ್ತಿರುವಾಗಲೇ ಅಂಗೈಯನ್ನು ಕಪಾಟಿನ ಬಾಗಿಲು, ಹಿಂಬದಿ ಹಲಗೆ, ಮುಚ್ಚಳ, ಹಿಡಿಕೆ ಒಂದೊಂದರ ಮೇಲೆ ಒತ್ತಿ. ಎಲ್ಲಿ ಒತ್ತಿದಾಗ ಝರ್ ನಿಂತಿತೋ ಅಲ್ಲಿ ಸಡಿಲು. ಎಲ್ಲಿ ಒತ್ತಿದರೂ ನಿಲ್ಲದಿದ್ದರೆ ಸೌಂಡ್ ಬಾಕ್ಸಿನ (ಮುಳ್ಳು ಸಿಕ್ಕಿಸುವ, ತೋಳಿನ ತುದಿಯ ದುಂಡನೆ ಡಬ್ಬಿ) ಒಳಗಿನ ರಬ್ಬರ್ ಬಳೆ ಕಲ್ಲಾಗಿದೆ. ಬಲ್ಲವರು ಬದಲಿಸಬೇಕು. ಅದರ ಅಭ್ರಕದ ಪರದೆ ಬೆರಳು ತಾಗಿದರೂ ಬಿರಿಯುತ್ತದೆ.

ದನಿ ಮಂದವಾಗಿದೆ ಅನ್ನುವವರು ಎದುರಿನ ಬಾಗಿಲು ತೆಗೆದಿದ್ದಾರಾ ನೋಡಲಿ. ಈ ಪೆಟ್ಟಿಗೆಗಳಲ್ಲಿ ಕಹಳೆಯ ಬಾಯಿಗೆ ಇರುವ ಬಾಗಿಲೇ ದನಿ ಏರಿಸಿ ಇಳಿಸುವ ಉಪಾಯ. ಇನ್ನೊಂದು, ಹರಿದ ಜಾಲರಿ ಬಟ್ಟೆಯ ಬದಲು ಅಂದಕ್ಕೆ ಗುಳೇದಗುಡ್ಡದ ಖಣ ಹೊಲಿಸಿದ್ದರು ಒಬ್ಬ ಅಕ್ಕ. ನೋಡಲು ಕಣ್ಣು ತುಂಬುತ್ತಿತ್ತು, ಆದರೆ ಖಣದ ಒತ್ತಾದ ನೇಯ್ಗೆಯ ಹಿಂದೆ ದನಿ ಉಸಿರು ಕಟ್ಟಿದಂತಿತ್ತು. ಎದುರಿಗೆ ಹಿಡಿದರೆ ಆಚೆಯ ಬೆಳಕು ಕಾಣುವ ಬಿಡಿ ನೇಯ್ಗೆಯ ಬಟ್ಟೆ ಬೇಕು. ಆ ಖಣವನ್ನು ಅವರು ಈಗ ಮುಚ್ಚಳದ ಮೇಲಿನ ಹೊದಿಕೆ ಮಾಡಿದ್ದಾರೆ.

ಎಲ್‌ಪಿ ಪ್ಲೇಟನ್ನು ಈ ಯಂತ್ರಕ್ಕೆ ಹಾಕಲೇಬಾರದು. ಭಾರವಾದ ತೋಳು, ಉಕ್ಕಿನ ಮುಳ್ಳು, ಒಂದೇ ಸಲಕ್ಕೆ ಪ್ಲೇಟು ಹಾಳು.

ಹಾಡು ನಿಧಾನವಾಗುತ್ತದೆ, ಒಳಗೆ ದಡ್ ಅನ್ನುತ್ತದೆ, ಚಾವಿ ಹಿಡಿಯುವುದಿಲ್ಲ

ಪ್ಲೇಟಿನ ಅಂಚಿಗೆ ಕಾಗದದ ಚೂರು ಸಿಕ್ಕಿಸಿ, ಗಡಿಯಾರ ನೋಡುತ್ತ ಒಂದು ನಿಮಿಷದ ಸುತ್ತು ಎಣಿಸಿ. 78 ಇರಬೇಕು. ಒಂದೆರಡು ಹೆಚ್ಚುಕಡಿಮೆ ಇದ್ದರೆ ಪಕ್ಕದ ವೇಗದ ಕಡ್ಡಿ ತಿರುಗಿಸಿದರೆ ಸರಿಹೋಗುತ್ತದೆ. ಮೊದಲು 78 ಇದ್ದು ಹಾಡು ಮುಗಿಯುವ ಮೊದಲೇ ಕುಗ್ಗಿದರೆ ಎಣ್ಣೆ ಒಣಗಿದೆ. ಹೊಲಿಗೆ ಯಂತ್ರದ ಎಣ್ಣೆ ಒಂದೊಂದೇ ಹನಿಯನ್ನು ತಿರುಗುವ ಕಂಬಿಗೂ, ಮೂರು ಪುಟ್ಟ ಗುಂಡು ಸುತ್ತುವ ವೇಗ ಹಿಡಿಯುವ ಭಾಗದ ಎರಡು ತುದಿಗೂ ಬಿಡಿ. ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ ಹಾಕಿದರೆ ಆರು ತಿಂಗಳಲ್ಲಿ ಅದೇ ಅಂಟಾಗುತ್ತದೆ.

ಹಾಡಿನ ನಡುವೆ ಪೆಟ್ಟಿಗೆಯೊಳಗೆ ದಡ್ ಎಂದು ಗುದ್ದಿದಂತೆ ಸದ್ದು ಬಂದು ದನಿ ನಡುಗಿದರೆ, ಸ್ಪ್ರಿಂಗಿನ ಡಬ್ಬಿಯ ಹಳೇ ಗ್ರೀಸು ಗಟ್ಟಿಯಾಗಿ ಸುರುಳಿಗಳು ಅಂಟಿ ಅಂಟಿ ಬಿಡುತ್ತಿವೆ. ಚಾವಿ ಎಷ್ಟು ತಿರುಗಿಸಿದರೂ ಬಿಗಿಯಾಗದೆ ಸುಮ್ಮನೆ ಸುತ್ತಿದರೆ ಸ್ಪ್ರಿಂಗ್ ತುಂಡಾಗಿದೆ ಅಥವಾ ಕೊಕ್ಕೆ ಬಿಟ್ಟಿದೆ. ಇಲ್ಲಿಗೆ ನಿಮ್ಮ ಕೆಲಸ ನಿಲ್ಲಲಿ. ಆ ಡಬ್ಬಿಯೊಳಗೆ ಹಲವು ಮೀಟರ್ ಉದ್ದದ ಉಕ್ಕಿನ ಪಟ್ಟಿ ಬಿಗಿದು ಕೂತಿರುತ್ತದೆ, ಮುಚ್ಚಳ ತೆಗೆದರೆ ಕತ್ತಿಯಂತೆ ಹಾರಿ ಬೆರಳು, ಕಣ್ಣು ತೆಗೆಯುತ್ತದೆ. ಯಂತ್ರ ಬಿಚ್ಚಬೇಕಾದವರೂ ಮೊದಲು ಹಾಡಿಸಿಯೇ ಚಾವಿ ಪೂರ್ತಿ ಇಳಿಸಬೇಕು.

ಮುಚ್ಚಳ ಎತ್ತಿ ಕೈ ಬಿಟ್ಟಾಗ ನಿಲ್ಲದಿದ್ದರೆ ಮಕ್ಕಳು ಮನೆಗೆ ಬರುವ ಮೊದಲೇ ಸರಿಪಡಿಸಿ, ಇಲ್ಲವೇ ಕೀಲಿ ಹಾಕಿ. ತೋಳು ಹಿಡಿದ ಎರಕದ ಭಾಗದಲ್ಲಿ ಕೂದಲೆಳೆ ಬಿರುಕು ಕಂಡರೆ ತೋಳನ್ನು ಹಿಂದಕ್ಕೆ ತಿರುಗಿಸಬೇಡಿ. ಆ ಕಾಲದ ಸತುವಿನ ಎರಕ ಒಳಗಿನಿಂದಲೇ ಉಬ್ಬಿ ಬಿರಿಯುತ್ತದೆ, ಜೋರು ಮಾಡಿದರೆ ಬಿಸ್ಕೀಟಿನಂತೆ ಪುಡಿಯಾಗುತ್ತದೆ.

ರೇಡಿಯೋಗ್ರಾಂ: ಗುಂಯ್‌ಗುಡುತ್ತದೆ, ಸುಟ್ಟ ವಾಸನೆ, ಮುಟ್ಟಿದರೆ ಝುಮ್ ಅನ್ನುತ್ತದೆ

ಈ ಮೂರರಲ್ಲಿ ಯಾವುದೇ ಕಂಡರೂ ಪರೀಕ್ಷೆ ಇಲ್ಲ. ಒಣ ಕೈಯಿಂದ ಗೋಡೆಯ ಸ್ವಿಚ್ ಆರಿಸಿ, ಆಮೇಲೆ ಪ್ಲಗ್ ಕೀಳಿ. ಹತ್ತಾರು ವರ್ಷ ಸುಮ್ಮನಿದ್ದದ್ದನ್ನು “ಹಾಡತೈತೇನು ನೋಡೋಣು” ಎಂದು ನೇರ ಲೈನಿಗೆ ಹಚ್ಚುವುದೇ ದೊಡ್ಡ ತಪ್ಪು. ಒಳಗಿನ ಹಳೇ ಕಂಡೆನ್ಸರುಗಳು ಸೋರಿರುತ್ತವೆ, ವೈರಿನ ರಬ್ಬರು ಮುಟ್ಟಿದರೆ ಉದುರುತ್ತದೆ, ಇಲಿ ಕಡಿದದ್ದು ಬೇರೆ. ಕೆಲವು ಸೆಟ್ಟುಗಳಲ್ಲಿ ಒಳಗಿನ ಲೋಹದ ತಟ್ಟೆಗೇ ಲೈನಿನ ಕರೆಂಟು ನೇರ ಬರುತ್ತದೆ.

ಪ್ಲಗ್ ಕಿತ್ತ ಮೇಲೆ ನೀವು ಮಾಡಬಹುದಾದದ್ದು ನೋಡುವುದಷ್ಟೇ. ಹಿಂಬದಿಯ ತೂತಿನಿಂದ ಟಾರ್ಚು ಬಿಟ್ಟು ಇಲಿಯ ಗೂಡು, ಒಡೆದ ವಾಲ್ವು, ಕರಿ ಕಲೆ, ಮೇಣ ಕರಗಿ ಇಳಿದ ಗುರುತು ಇದೆಯಾ ನೋಡಿ, ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಹಿಂಬದಿ ರಟ್ಟು ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಕಂಡೆನ್ಸರಿನಲ್ಲಿ ಕೈ ಎಸೆಯುವಷ್ಟು ಕರೆಂಟು ಉಳಿದಿರುತ್ತದೆ. ವಾಲ್ವು ರೇಡಿಯೋ ಬಲ್ಲ ಹಳೇ ಮೆಕ್ಯಾನಿಕ್‌ಗಳು ನಮ್ಮ ಊರುಗಳಲ್ಲಿ ಈಗ ಕೆಲವೇ ಕೆಲವರು. ಸಿಕ್ಕರೆ ಆ ಫೋಟೋ ತೋರಿಸಿ. ಮೊದಲು ಒಂದು ಬಲ್ಬನ್ನು ಸರಣಿಯಲ್ಲಿ ಜೋಡಿಸಿ ಕರೆಂಟು ಕೊಡುತ್ತೇನೆ ಎಂದು ತಾವಾಗಿ ಹೇಳುವವರಿದ್ದರೆ ಅವರ ಕೈಗೆ ಪೆಟ್ಟಿಗೆ ಕೊಡಿ. ಯಂತ್ರವನ್ನಷ್ಟೇ ಬಿಚ್ಚಿ ಅಂಗಡಿಗೆ ಒಯ್ಯಲಿ, ಕಪಾಟು ಮನೆಯಲ್ಲೇ ಇರಲಿ. ಒಯ್ಯುವ ಮೊದಲು ಪ್ಲೇಟು ತಿರುಗುವ ತಟ್ಟೆಯನ್ನೂ ತೋಳನ್ನೂ ದಾರದಿಂದ ಕಟ್ಟಿಸಿ, ಬಿಚ್ಚಿದ ಸ್ಕ್ರೂಗಳನ್ನು ಹಳೇ ಮುಳ್ಳಿನ ಡಬ್ಬಿಯಲ್ಲಿ ಹಾಕಿ ಕಪಾಟಿನ ಕೆಳಗಿನ ಡ್ರಾವರಿನಲ್ಲಿ ಇಡಿ.